ನೇರಳಾತೀತವೆಂಬ ಪದವೂ ದೀಪದ ಆಯ್ಕೆಯೂ

ಶಾಸ್ತ್ರಗ್ರಂಥಗಳಲ್ಲಿ ರೂಢಿಗೆ ಬಂದಿರುವ ‘ನೇರಳಾತೀತ’ವೆಂಬ ಪದದ ಮೇಲೆ ವೈಯಾಕರಣರ ಆಕ್ಷೇಪಣೆಯೊಂದು ಸಹಜವಾಗಿ ಏಳುತ್ತದೆ. ನೇರಳೆಯೆಂಬ ದೇಶ್ಯಪದಕ್ಕೆ ಅತೀತವೆಂಬ ಸಂಸ್ಕೃತಪದವನ್ನು ದೀರ್ಘಸಂಧಿಯಿಂದ ಬೆಸೆದಿರುವುದರಿಂದ ಕೇಶಿರಾಜನ ಶಬ್ದಮಣಿದರ್ಪಣದ ದೃಷ್ಟಿಯಲ್ಲಿ ಇದು ಅರಿಸಮಾಸ. ‘ಅತಿನೇರಳೆ’ಯೂ ಈ ದೋಷದಿಂದ ಪಾರಾಗಿಲ್ಲ. ಆದರೆ ಪಾರಿಭಾಷಿಕಪದಕ್ಕೆ ವ್ಯಾಕರಣವೊಂದೇ ಒರೆಗಲ್ಲಲ್ಲ. ಪದವನ್ನು ನಂಬಿ ಕೆಲಸಕ್ಕೆ ಕೈಹಾಕಿದವನಿಗೆ ಅದು ಸರಿಯಾದ ದಾರಿಯನ್ನು ತೋರುವುದೇ ಎಂಬುದನ್ನೂ ಪರೀಕ್ಷಿಸಬೇಕು.

ಪೀಣ್ಯದಿಂದಾಚೆ ತುಮಕೂರು ಹೆದ್ದಾರಿಯ ಮೇಲಿರುವ ಮಾದನಾಯಕನಹಳ್ಳಿಯಲ್ಲಿ ವಿದ್ಯಾರ್ಥಿಯೊಬ್ಬನು ಮನೆಯಲ್ಲಿಯೇ ಸರ್ಕ್ಯೂಟ್ ಬೋರ್ಡನ್ನು ಸಿದ್ಧಪಡಿಸಹೊರಟನೆಂದು ಭಾವಿಸೋಣ. ತಾಮ್ರದ ತಗಡಿನ ಮೇಲೆ ಫೋಟೋರೆಸಿಸ್ಟ್ ಎಂಬ ಲೇಪವಿರುತ್ತದೆ. ಅದರ ಮೇಲೆ ನಕ್ಷೆಯ ಪಾರದರ್ಶಕ ಹಾಳೆಯನ್ನಿಟ್ಟು, ಗಾಜಿನಿಂದ ಒತ್ತಿ, ಬೆಳಕನ್ನು ಬೀರಬೇಕು. ಲೇಪವು ಪಾಸಿಟಿವ್ ಜಾತಿಯದಾದರೆ ಬೆಳಕು ಬಿದ್ದ ಭಾಗವು ಕ್ಷಾರದ್ರಾವಣದಲ್ಲಿ ಕರಗುತ್ತದೆ; ನೆಗೆಟಿವ್ ಜಾತಿಯದಾದರೆ ಆ ಭಾಗವೇ ಗಟ್ಟಿಯಾಗಿ ಉಳಿಯುತ್ತದೆ. ಈ ಕೆಲಸಕ್ಕೆ ‘ನೇರಳಾತೀತ ದೀಪ’ ಬೇಕೆಂದಷ್ಟೇ ಹೇಳಿದರೆ ಅವನು ಯಾವುದನ್ನು ಕೊಳ್ಳಬೇಕು?

ಕುಡಿಯುವ ನೀರನ್ನು ಶುದ್ಧಿಮಾಡುವ ಯಂತ್ರದೊಳಗಿನ ದೀಪವೂ ನೇರಳಾತೀತವೇ. ಮಿಠಾಯಿ ಅಂಗಡಿಯಲ್ಲಿ ನೊಣಗಳನ್ನು ಸೆಳೆಯುವ ನೀಲಿ ದೀಪವೂ ನೇರಳಾತೀತವೇ. ಮೊದಲನೆಯದರ ಪ್ರಧಾನ ಕಿರಣದ ತರಂಗದೈರ್ಘ್ಯ ೨೫೪ ನ್ಯಾನೋಮೀಟರ್. ಸಾಧಾರಣ ಗಾಜು ಅದನ್ನು ತಡೆದುಬಿಡುತ್ತದೆ. ಲೇಪವನ್ನು ಮುಟ್ಟಲಾರದ ಆ ಕಿರಣವು ಮರೆಯಿಲ್ಲದ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. ಎರಡನೆಯದರ ಕಿರಣ ೩೬೫ರ ಆಸುಪಾಸಿನದು. ಗಾಜನ್ನು ಹಾಯ್ದು ಲೇಪದಲ್ಲಿ ಕೆಲಸಮಾಡುತ್ತದೆ. ಇನ್ನು ೪೦೫ರ ಎಲ್‌ಇಡಿ ದೀಪವೂ ಅನೇಕ ಲೇಪಗಳಿಗೆ ಸಾಕು. ಆದರೆ ೪೦೦ನ್ನು ಮೀರಿದ ಆ ಬೆಳಕು ನೇರಳೆಯೇ ಹೊರತು ಅತೀತವಲ್ಲ. ಹೀಗೆ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಬೇಡವಾದ ದೀಪವನ್ನು ಒಳಗೊಳ್ಳುವುದರಿಂದ ಈ ಲಕ್ಷಣಕ್ಕೆ ಅತಿವ್ಯಾಪ್ತಿಯೂ, ಬೇಕಾದುದನ್ನು ಹೊರಗಿಡುವುದರಿಂದ ಅವ್ಯಾಪ್ತಿಯೂ ಉಂಟು. ಅರಿಸಮಾಸದಿಂದ ಕಿವಿಗೆ ಮಾತ್ರ ನೋವು. ಈ ದೋಷದಿಂದ ಕಣ್ಣಿಗೇ ಅಪಾಯ.

೧೮೦೧ರಲ್ಲಿ ಜರ್ಮನಿಯ ರಿಟ್ಟರನು ಈ ಕಿರಣಗಳನ್ನು ಕಂಡುಹಿಡಿದದ್ದು, ವರ್ಣಪಟಲದ ನೇರಳೆಯಂಚಿನಾಚೆ ಸಿಲ್ವರ್ ಕ್ಲೋರೈಡು ಕಪ್ಪಾದುದರಿಂದ. ಬಳಿಕ ಇವಕ್ಕೆ ‘ರಾಸಾಯನಿಕ ಕಿರಣ’ಗಳೆಂಬ ಹೆಸರೂ ಸಲ್ಲುತ್ತಿತ್ತು. ಆ ಹೆಸರು ಕಿರಣದ ಕೆಲಸವನ್ನು ಹೇಳುತ್ತಿತ್ತು. ಈಗಿನದು ಸ್ಥಾನವನ್ನು ಮಾತ್ರ ಹೇಳುತ್ತದೆ, ಅದೂ ಎಷ್ಟು ದೂರವೆಂದು ತಿಳಿಸದೆ.

ರೂಢಮೂಲವಾದ ಪದವನ್ನು ಕಿತ್ತೆಸೆಯಬೇಕಾದುದಿಲ್ಲ. ಅದರ ಪಕ್ಕದಲ್ಲಿ ತರಂಗದೈರ್ಘ್ಯವನ್ನೂ ಪ್ರಯೋಜನವನ್ನೂ ಬರೆಯುವುದು ಶಾಸ್ತ್ರಗದ್ಯದ ಧರ್ಮ. ಕನ್ನಡದಲ್ಲಿ ಓದಿದವನ ಕೈಗೆ ಸರಿಯಾದ ದೀಪ ದೊರೆತಾಗಲೇ ಕನ್ನಡವು ಶಾಸ್ತ್ರಭಾಷೆಯೆಂಬ ಮಾತು ಸಾರ್ಥಕವಾದೀತು.