ಅಸಿಂಕ್‌ಟಾಸ್ಕ್‌ನ ಒಂದೇ ಸರದಿ

ಆಂಡ್ರಾಯ್ಡ್‌ನ ಅಸಿಂಕ್‌ಟಾಸ್ಕ್ ಎಂಬ ಕ್ಲಾಸ್ 2009ರಲ್ಲಿ, 1.5 ಆವೃತ್ತಿಯೊಂದಿಗೆ ಬಂತು. ಡೌನ್‌ಲೋಡ್, ಡೇಟಾಬೇಸ್‌ನಂಥ ನಿಧಾನದ ಕೆಲಸಗಳಿಂದ ಪರದೆ ನೋಡಿಕೊಳ್ಳುವ ಮುಖ್ಯ ಥ್ರೆಡ್ ಸಿಕ್ಕಿಬೀಳಬಾರದೆಂಬುದು ಅದರ ಉದ್ದೇಶ. ಆ ಕೆಲಸಗಳು ಒಂದಾದ ಮೇಲೊಂದು ನಡೆಯಬೇಕೋ ಒಟ್ಟಿಗೇ ನಡೆಯಬೇಕೋ ಎಂಬುದರಲ್ಲಿ ಅದಕ್ಕೆ ಸ್ಥಿರ ನಿಲುವಿರಲಿಲ್ಲ. ಮೊದಲು ಒಂದೇ ಹಿನ್ನೆಲೆ ಥ್ರೆಡ್ ಇತ್ತು, 1.6ರಲ್ಲಿ ಹಲವು ಥ್ರೆಡ್‌ಗಳ ಪೂಲ್ ಆಯಿತು, 2011ರ 3.0ರಲ್ಲಿ ಮತ್ತೆ ಸರದಿಗೆ ಮರಳಿತು. ಕೆಲಸಗಳು ಏಕಕಾಲಕ್ಕೆ ಓಡಿದಾಗ ಆ್ಯಪ್‌ಗಳಲ್ಲಿ ಹುಟ್ಟುವ ದೋಷಗಳನ್ನು ತಪ್ಪಿಸಲೆಂದೇ ಈ ಮರಳುವಿಕೆ.

ಸರದಿಯ ಕೋಡ್ ಕೆಲವೇ ಸಾಲುಗಳದ್ದು, ಅಚ್ಚುಕಟ್ಟಾದದ್ದು. ಬಂದ ಕೆಲಸವೆಲ್ಲ ಅರೇಡೆಕ್ ಎಂಬ ಪಟ್ಟಿಯಲ್ಲಿ ಸಾಲುಗಟ್ಟುತ್ತದೆ. ಓಡುತ್ತಿರುವುದು ಮುಗಿದೊಡನೆ ಮುಂದಿನ ಕೆಲಸವನ್ನು ತೆಗೆದು ಪೂಲ್‌ಗೆ ಕೊಡಲಾಗುತ್ತದೆ. ಹೀಗೆ ಕೊಡುವ ಕರೆ ಫೈನಲಿ ಬ್ಲಾಕ್‌ನಲ್ಲಿರುವುದರಿಂದ, ಒಂದು ಕೆಲಸ ಎಕ್ಸೆಪ್ಶನ್ ಎಸೆದರೂ ಸಾಲು ನಿಲ್ಲದು. ಗಮನಿಸಬೇಕಾದ್ದೆಂದರೆ, ಕೆಲಸಗಳೆಲ್ಲ ಒಂದೇ ಥ್ರೆಡ್‌ನಲ್ಲಿ ನಡೆಯಬೇಕೆಂದಿಲ್ಲ. ಒಂದು ಹೊತ್ತಿಗೆ ಒಂದೇ ನಡೆಯುತ್ತದೆ ಎಂಬುದಷ್ಟೇ ಖಾತರಿ. ಈ ಕೆಲಸಗಳಷ್ಟೇ ಹಂಚಿಕೊಂಡ ಡೇಟಾವನ್ನು ಕಾಪಾಡಲು ಅಷ್ಟು ಸಾಕು.

ಎಡವಿದ್ದು ಸರದಿಯಲ್ಲಲ್ಲ, ಅದರ ವ್ಯಾಪ್ತಿಯಲ್ಲಿ. ಇಡೀ ಪ್ರೊಸೆಸ್‌ಗೆ ಇದ್ದದ್ದು ಒಂದೇ ಸಾಲು. ಹಣ ಕಟ್ಟುವವರನ್ನೂ ಪಾಸ್‌ಬುಕ್ ಬರೆಸುವವರನ್ನೂ ಬ್ಯಾಂಕಿನ ಒಂದೇ ಕೌಂಟರ್ ಮುಂದೆ ನಿಲ್ಲಿಸಿದಂತೆ, ಪರಸ್ಪರ ಸಂಬಂಧವೇ ಇಲ್ಲದ ಕೆಲಸಗಳೂ ಕಾಯಬೇಕಾಯಿತು. ಆ್ಯಪ್‌ಗೆ ಸೇರಿಸಿಕೊಂಡ ಯಾವುದೋ ಲೈಬ್ರರಿ ಉತ್ತರಿಸದ ಸರ್ವರ್‌ಗೆ ಕಾದು ಕುಳಿತರೆ, ಹಿಂದಿರುವ ಪುಟ್ಟ ಡೇಟಾಬೇಸ್ ಓದೂ ಕುಳಿತಂತೆಯೇ. ಸಾಲಿನಲ್ಲಿ ಓಡುತ್ತಿರುವ ಕೆಲಸವೇ ತನ್ನ ಹಿಂದಿರುವ ಕೆಲಸದ ಫಲಿತಾಂಶಕ್ಕೆ ಗೆಟ್ ಕರೆದು ಕಾದರಂತೂ ಡೆಡ್‌ಲಾಕ್. ಕೆಲಸ ಓಡಿಸಲು ಬೇರೆ ಎಕ್ಸಿಕ್ಯೂಟರ್ ಕೊಡಲು ಎಕ್ಸಿಕ್ಯೂಟ್‌ಆನ್‌ಎಕ್ಸಿಕ್ಯೂಟರ್ ಎಂಬ ದಾರಿಯನ್ನು 3.0ರಲ್ಲೇ ತೆರೆಯಲಾಗಿತ್ತು. ಆದರೆ ಸುಮ್ಮನೆ ಎಕ್ಸಿಕ್ಯೂಟ್ ಬರೆದವರಿಗೆ ತಾವು ನಿಂತದ್ದು ಯಾರ ಹಿಂದೆ ಎಂದು ತಿಳಿಯುವ ಬಗೆ ಇರಲಿಲ್ಲ.

ಕಾಪಾಡಬೇಕಾದ ಪ್ರತಿ ಸಂಪನ್ಮೂಲಕ್ಕೂ ಅದರದೇ ಸಾಲು ಇರುವುದು ಮೇಲು. 2004ರ ಜಾವಾ 5ರಿಂದಲೇ ಸಿಂಗಲ್ ಥ್ರೆಡ್ ಎಕ್ಸಿಕ್ಯೂಟರ್ ಇದನ್ನು ಒಂದೇ ಸಾಲಿನ ಕೋಡ್‌ನಲ್ಲಿ ಕೊಡುತ್ತದೆ; ನಡುವೆ ಥ್ರೆಡ್ ಸತ್ತರೆ ಬದಲಿಯನ್ನೂ ಹುಟ್ಟಿಸುತ್ತದೆ. ಅದೂ ನಿರ್ದೋಷಿಯಲ್ಲ: ಅದರ ಸಾಲಿಗೆ ಮಿತಿಯಿಲ್ಲ, ಸಬ್‌ಮಿಟ್ ಮೂಲಕ ಕೊಟ್ಟ ಕೆಲಸದ ಎಕ್ಸೆಪ್ಶನ್ ಫಲಿತಾಂಶ ಹಿಡಿದಿಡುವ ಫ್ಯೂಚರ್‌ನೊಳಗೆ ಅಡಗಿ, ಯಾರೂ ಗೆಟ್ ಕರೆಯದಿದ್ದರೆ ಕಾಣಿಸುವುದೇ ಇಲ್ಲ.

2020ರಲ್ಲಿ, ಆಂಡ್ರಾಯ್ಡ್ 11ರ ಹೊತ್ತಿಗೆ, ಅಸಿಂಕ್‌ಟಾಸ್ಕ್ ಬಳಸಬೇಡಿರೆಂದು ಗುರುತು ಹಾಕಲಾಯಿತು. ಮೆಮೊರಿ ಸೋರಿಕೆ, ತಪ್ಪಿಹೋಗುವ ಕಾಲ್‌ಬ್ಯಾಕ್‌ಗಳ ಜೊತೆಗೆ, ಆವೃತ್ತಿಯಿಂದ ಆವೃತ್ತಿಗೆ ನಡವಳಿಕೆ ಬದಲಾಗುತ್ತದೆ ಎಂಬುದೂ ಅಧಿಕೃತ ಕಾರಣಗಳ ಪಟ್ಟಿಯಲ್ಲಿತ್ತು.