‘ವಾಡಿಕೆ ಮಳೆ’ ಎಂಬ ಮುನ್ಸೂಚನೆ: ಒಂದು ವಿಮರ್ಶೆ

ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಭಾರತ ಹವಾಮಾನ ಇಲಾಖೆಯು ಮುಂಗಾರಿನ ದೀರ್ಘಾವಧಿ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಅದು ಜನರನ್ನು ತಲಪುವಾಗ ಸಾಮಾನ್ಯವಾಗಿ ಒಂದೇ ಮಾತಾಗಿರುತ್ತದೆ: ಈ ಬಾರಿ ವಾಡಿಕೆ ಮಳೆ, ಅಥವಾ ವಾಡಿಕೆಗಿಂತ ಹೆಚ್ಚು, ಇಲ್ಲವೇ ಕಡಿಮೆ. ಮುನ್ಸೂಚನೆಯ ತಿರುಳು ಈ ಒಂದು ಮಾತಿನಲ್ಲಿ ಎಷ್ಟು ಉಳಿದಿರುತ್ತದೆ? 2023ರ ಮುಂಗಾರನ್ನು ಇಟ್ಟುಕೊಂಡು ನೋಡೋಣ.

ಆ ವರ್ಷ ಏಪ್ರಿಲ್ 11ರಂದು ಬಂದ ಪ್ರಕಟಣೆಯ ಪ್ರಕಾರ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದಲ್ಲಿ ಸರಾಸರಿಯ ಶೇ. 96ರಷ್ಟು ಮಳೆಯಾಗಬೇಕಿತ್ತು, ಶೇ. 5ರಷ್ಟು ಅತ್ತಿತ್ತ ಆಗಬಹುದು. ಸರಾಸರಿ ಎಂದರೆ 1971ರಿಂದ 2020ರವರೆಗಿನ ಲೆಕ್ಕದ 87 ಸೆಂ.ಮೀ. ಶೇ. 96ರಿಂದ 104ರವರೆಗಿನದು ‘ವಾಡಿಕೆ’. ಆದುದರಿಂದ ಮುನ್ಸೂಚನೆಯು ವಾಡಿಕೆಯ ಹೊಸ್ತಿಲ ಮೇಲೆ ನಿಂತಿತ್ತು, ಒಳಗೆ ಬಂದಿರಲಿಲ್ಲ. ಶೀರ್ಷಿಕೆಗಳು ಮಾತ್ರ ಅದನ್ನು ಒಳಗೆ ಕರೆದು ಕೂರಿಸಿದವು.

ಅದೇ ಪ್ರಕಟಣೆಯಲ್ಲಿ ಒಂದು ಕೋಷ್ಟಕವೂ ಇತ್ತು. ಮಳೆ ಶೇ. 90ಕ್ಕಿಂತ ಕಡಿಮೆಯಾಗುವ ಸಂಭವನೀಯತೆ ಶೇ. 22, 90ರಿಂದ 95ರೊಳಗೆ ಇರುವುದು ಶೇ. 29, ವಾಡಿಕೆಯಾಗುವುದು ಶೇ. 35, ಅದಕ್ಕಿಂತ ಮೇಲಿನ ಎರಡು ವರ್ಗಗಳಿಗೆ ಶೇ. 11 ಮತ್ತು 3. ಮೊದಲ ಎರಡನ್ನು ಕೂಡಿಸಿದರೆ 51. ಅಂದರೆ ವಾಡಿಕೆಗಿಂತ ಕಡಿಮೆ ಮಳೆಯಾಗುವ ಸಾಧ್ಯತೆಯೇ ಅರ್ಧಕ್ಕಿಂತ ತುಸು ಹೆಚ್ಚು!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಯಾವ ಮುನ್ಸೂಚನೆಯೂ ಇಲ್ಲದೆ, ಹಳೆಯ ದಾಖಲೆಗಳನ್ನು ಮಾತ್ರ ನೋಡಿ ಹೇಳಿದರೆ ಈ ಐದು ವರ್ಗಗಳ ಪಾಲು ಕ್ರಮವಾಗಿ ಶೇ. 16, 17, 33, 16 ಮತ್ತು 17. ಈಗ ಎರಡನ್ನೂ ಹೋಲಿಸಿ. ‘ವಾಡಿಕೆ’ ಎಂಬ ಸಾಲಿನಲ್ಲಿ 33 ಇದ್ದುದು 35 ಆಗಿದೆ. ಅಲ್ಲಿ ಹೊಸ ಸುದ್ದಿ ಏನೂ ಇಲ್ಲವೆಂದೇ ಹೇಳಬೇಕು. ಅತಿವೃಷ್ಟಿಯ ಸಾಧ್ಯತೆ 17ರಿಂದ 3ಕ್ಕೆ ಇಳಿದದ್ದು, ಕೊರತೆಯ ಎರಡು ವರ್ಗಗಳು 33ರಿಂದ 51ಕ್ಕೆ ಏರಿದ್ದು ನಿಜವಾದ ಸುದ್ದಿ. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೋ ತಲೆಯೆತ್ತುವ ಸೂಚನೆ ಆ ಅಂಕಿಗಳ ಹಿಂದಿತ್ತು. ಶೀರ್ಷಿಕೆಗೆ ಆರಿಸಿಕೊಂಡದ್ದು ಮಾತ್ರ ಕೋಷ್ಟಕದ ಅತ್ಯಂತ ಬರಿದಾದ ಸಾಲನ್ನು.

‘ವಾಡಿಕೆ’ ಎಂಬ ಪದದಲ್ಲಿಯೇ ಮತ್ತೊಂದು ತೊಡಕಿದೆ. ಇಡೀ ದೇಶಕ್ಕೆ ಅನ್ವಯಿಸುವಾಗ ಅದರ ಹರವು ಸರಾಸರಿಗಿಂತ ಶೇ. 4 ಮೇಲೆ ಕೆಳಗೆ. ಜಿಲ್ಲೆಗೆ ಅಥವಾ ಹವಾಮಾನ ಉಪವಿಭಾಗಕ್ಕೆ ಅನ್ವಯಿಸುವಾಗ ಶೇ. 19 ಮೇಲೆ ಕೆಳಗೆ. ಇದಕ್ಕೆ ಕಾರಣವಿದೆ: ವಿಸ್ತಾರವಾದ ಪ್ರದೇಶದ ಸರಾಸರಿಯಲ್ಲಿ ಒಂದೆಡೆಯ ಹೆಚ್ಚಳವು ಇನ್ನೊಂದೆಡೆಯ ಕೊರತೆಯನ್ನು ಅಳಿಸುವುದರಿಂದ ಏರಿಳಿತ ಕಡಿಮೆ. ನಮ್ಮ ಕರಾವಳಿಯಲ್ಲಿ ಮುಂಗಾರಿನಲ್ಲಿ 300 ಸೆಂ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಉತ್ತರ ಒಳನಾಡಿನಲ್ಲಿ ಸುಮಾರು 50. ಇವೆರಡೂ ಆ 87 ಸೆಂ.ಮೀ.ನೊಳಗೆ ಕರಗಿವೆ. ಆದರೆ ‘ವಾಡಿಕೆ’ ಎಂದಾಗ ರೈತನ ಕಿವಿಗೆ ಬೀಳುವುದು ರೂಢಿಯಂತೆ, ತನ್ನ ಊರಿಗೆ, ಹೊತ್ತಿಗೆ ಸರಿಯಾಗಿ ಬರುವ ಮಳೆ. ಈ ಮೂರರಲ್ಲಿ ಯಾವುದನ್ನೂ ಆ ಅಂಕಿ ಹೇಳುವುದಿಲ್ಲ.

ಇಲಾಖೆಯ ಕೆಲಸ ಸುಲಭದ್ದಲ್ಲ ಎಂಬುದನ್ನೂ ಒಪ್ಪಬೇಕು. ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮವನ್ನು ಆಧರಿಸಿ 1886ರಲ್ಲಿ ಮುನ್ಸೂಚನೆ ಆರಂಭಿಸಿದರು. ಗಿಲ್ಬರ್ಟ್ ವಾಕರ್ ದೂರದೂರದ ಸಾಗರಗಳ ಮೇಲಿನ ವಾಯುಭಾರಕ್ಕೂ ನಮ್ಮ ಮಳೆಗೂ ಇರುವ ನಂಟನ್ನು ಹುಡುಕಿದರು. 1988ರಲ್ಲಿ 16 ಅಂಶಗಳ ಸೂತ್ರ ಬಂತು. ಅಲ್ಲಿಂದ 2001ರವರೆಗೆ 14 ವರ್ಷ ದೇಶವ್ಯಾಪಿ ಬರ ಬೀಳಲಿಲ್ಲ, ಸೂತ್ರಕ್ಕೆ ಹೆಸರು ಬಂತು. ಆದರೆ ಆ ವರ್ಷಗಳಲ್ಲಿ ‘ಬರ ಬರುವುದಿಲ್ಲ’ ಎಂದು ಕಣ್ಣುಮುಚ್ಚಿ ಹೇಳುತ್ತ ಬಂದವರಿಗೂ ಅಷ್ಟೇ ಅಂಕ ಸಿಗುತ್ತಿತ್ತು. 2002ರಲ್ಲಿ ವಾಡಿಕೆ ಮಳೆಯ ಮುನ್ಸೂಚನೆಯಿತ್ತು. ಜುಲೈ ತಿಂಗಳ ಮಳೆ ಅರ್ಧಕ್ಕೆ ಇಳಿದು, ಒಟ್ಟು ಶೇ. 81ಕ್ಕೆ ನಿಂತಿತು. ಮರುವರ್ಷವೇ ಸೂತ್ರವನ್ನು ಬದಲಿಸಬೇಕಾಯಿತು. 2021ರಿಂದ ಸಾಗರ ಮತ್ತು ವಾತಾವರಣ ಎರಡನ್ನೂ ಗಣಿಸುವ ಹಲವು ಗಣಕ ಮಾದರಿಗಳನ್ನು ಒಟ್ಟಿಗೆ ಬಳಸಲಾಗುತ್ತಿದೆ. ಸಂಭವನೀಯತೆಯ ನಕ್ಷೆಗಳೂ ಸಿಗುತ್ತಿವೆ. ತರಗತಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು.

2023ರಲ್ಲಿ ಕೊನೆಗೆ ಆದದ್ದು ಹೀಗೆ. ಜೂನ್‌ನಲ್ಲಿ ಸರಾಸರಿಯ ಶೇ. 91, ಜುಲೈನಲ್ಲಿ 113, ಆಗಸ್ಟ್‌ನಲ್ಲಿ 64, ಸೆಪ್ಟೆಂಬರ್‌ನಲ್ಲಿ ಮತ್ತೆ 113. ಆಗಸ್ಟ್ ತಿಂಗಳು 1901ರಿಂದೀಚೆಗೆ ಅಷ್ಟು ಒಣಗಿದ್ದೇ ಇಲ್ಲ. ಋತುವಿನ ಒಟ್ಟು ಲೆಕ್ಕ ಶೇ. 94, ಹೇಳಿದ್ದ 91ರಿಂದ 101ರ ಮಿತಿಯೊಳಗೇ ಇದೆ, ಆದುದರಿಂದ ಮುನ್ಸೂಚನೆ ಸರಿಯಾಯಿತೆಂದು ಬರೆದುಕೊಳ್ಳಬಹುದು. ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು.