ಕತ್ತರಿಸಿದ ಅಂಚಿಗೆ ಎಂಟು ಅಂಕ

ಕಿತ್ತಳೆ ಬಣ್ಣದ ಹಿನ್ನೆಲೆ. ಅದರ ಮುಂದೆ ಗಟ್ಟಿಮುಟ್ಟಾದ ಒಬ್ಬ ಆಟಗಾರನ ಎದೆಮಟ್ಟದ ಚಿತ್ರ. ತಲೆಗೆ ಟೋಪಿಯಿಲ್ಲ, ಕೂದಲಿಗೆ ನಡು ಬೈತಲೆ, ನೋಟ ತುಸು ಪಕ್ಕಕ್ಕೆ ಸರಿದಿದೆ. ಕೆಳಗಿನ ಬಿಳಿ ಅಂಚಿನಲ್ಲಿ ಕಂದು ಅಕ್ಷರಗಳಲ್ಲಿ 'ವ್ಯಾಗ್ನರ್, ಪಿಟ್ಸ್‌ಬರ್ಗ್' ಎಂದಿದೆ. ಊರಿನ ಹೆಸರಿನ ಕೊನೆಯಲ್ಲಿ ಇವತ್ತು ಬರೆಯುವ 'ಎಚ್' ಅಕ್ಷರ ಅಲ್ಲಿಲ್ಲ. ಅದು ಅಚ್ಚಿನ ತಪ್ಪಲ್ಲ. 1891ರಿಂದ 1911ರವರೆಗೆ ಅಮೆರಿಕದ ಸರ್ಕಾರಿ ಕಾಗುಣಿತವೇ ಹಾಗಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದವಿರುವ ಈ ರಟ್ಟಿನ ತುಂಡಿನ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಕೈಬದಲಾಯಿತು.

ಹಳೆಯ ಬೇಸ್‌ಬಾಲ್ ಕಾರ್ಡುಗಳ ಸಂಗ್ರಹವನ್ನು ಶ್ರೀಮಂತರ ಹುಚ್ಚು ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಒಂದು ದೇಶದ ಆಟ, ವ್ಯಾಪಾರ, ಮುದ್ರಣಕಲೆ, ವರ್ಣಭೇದ ಎಲ್ಲವೂ ಇಷ್ಟು ಚಿಕ್ಕ ಜಾಗದಲ್ಲಿ ಒಟ್ಟಿಗೆ ಸಿಗುವುದು ಅಪರೂಪ. ನನ್ನ ತಕರಾರಿರುವುದು ಈ ಕಾರ್ಡುಗಳಿಗೆ ಇವತ್ತು ಬೆಲೆ ಕಟ್ಟುತ್ತಿರುವ ಕ್ರಮದ ಬಗ್ಗೆ. ಕಾರ್ಡು ಏನು ಹೇಳುತ್ತದೆ ಎಂಬುದಕ್ಕಿಂತ ಅದರ ಮೂಲೆ ಎಷ್ಟು ಚೂಪಾಗಿದೆ ಎಂಬುದೇ ಮುಖ್ಯವಾಗಿರುವ ಕ್ರಮ ಅದು.

ವ್ಯಾಗ್ನರ್ ಕಾರ್ಡು ಹುಟ್ಟಿದ್ದು ಸಿಗರೇಟು ಪ್ಯಾಕಿನಲ್ಲಿ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟುಗಳ ಜೊತೆ ಆಟಗಾರರ ಬಣ್ಣದ ಚಿತ್ರಗಳನ್ನು ಕೊಡುತ್ತಿತ್ತು. ರಟ್ಟು ಪ್ಯಾಕನ್ನು ಸೆಟೆದು ನಿಲ್ಲಿಸುತ್ತಿತ್ತು, ಚಿತ್ರ ಗಿರಾಕಿಯನ್ನು ಮತ್ತೆ ಅಂಗಡಿಗೆ ಕರೆತರುತ್ತಿತ್ತು. ಕಾರ್ಡಿನ ಹಿಂಬದಿಯಲ್ಲಿ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್, ಪೋಲಾರ್ ಬೇರ್ ಮುಂತಾದ ಬ್ರ್ಯಾಂಡುಗಳ ಜಾಹೀರಾತು. ಅವುಗಳಲ್ಲಿ ಒಂದರ ಹೆಸರು 'ಹಿಂದೂ'. ಪೂರ್ವದೇಶಗಳ ಹೆಸರಿಟ್ಟು ಹೊಗೆಸೊಪ್ಪು ಮಾರುವುದು ಆ ಕಾಲದ ರೂಢಿಯಾಗಿತ್ತು. ಈ ಸರಣಿಯನ್ನು ಸಂಗ್ರಾಹಕರು 'ಟಿ-206' ಎನ್ನುತ್ತಾರೆ. ಇದರಲ್ಲಿ ಒಟ್ಟು 524 ಬಗೆಗಳಿವೆ ಎಂಬುದು ಅವರಲ್ಲಿ ನಡೆದುಬಂದ ಲೆಕ್ಕ.

ಹೊನಸ್ ವ್ಯಾಗ್ನರ್ ಕಲ್ಲಿದ್ದಲು ಸೀಮೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗಣಿಯಲ್ಲಿ ದುಡಿದವರು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಶಾರ್ಟ್‌ಸ್ಟಾಪ್ ಎಂಬ ಕ್ಷೇತ್ರರಕ್ಷಕ ಸ್ಥಾನದಲ್ಲಿ ಆಡುತ್ತ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಪಟ್ಟವನ್ನು ಎಂಟು ಸಲ ಗೆದ್ದರು. 1936ರಲ್ಲಿ ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಮೊದಲು ಆಯ್ಕೆಯಾದ ಐವರಲ್ಲಿ ಟೈ ಕಾಬ್, ಬೇಬ್ ರೂತ್ ಜೊತೆ ಅವರೂ ಇದ್ದರು. ತಮ್ಮ ಚಿತ್ರವನ್ನು ಸಿಗರೇಟು ಪ್ಯಾಕಿಗೆ ಬಳಸಲು ಅವರು ಒಪ್ಪಲಿಲ್ಲ, ಮುದ್ರಣ ಬೇಗನೆ ನಿಂತಿತು. ಇವತ್ತು ಐವತ್ತು-ಅರವತ್ತು ಪ್ರತಿಗಳು ಉಳಿದಿವೆ ಎಂದು ಅಂದಾಜು.

ಯಾಕೆ ಒಪ್ಪಲಿಲ್ಲ ಎಂಬುದರ ಬಗ್ಗೆ ಎರಡು ಮಾತುಗಳಿವೆ. ಮಕ್ಕಳು ತಮ್ಮ ಚಿತ್ರಕ್ಕಾಗಿ ಸಿಗರೇಟು ಕೊಳ್ಳಬಾರದು ಎಂಬ ಕಾಳಜಿ ಒಂದು. ಕಂಪನಿ ಸರಿಯಾದ ಹಣ ಕೊಡಲಿಲ್ಲ ಎಂಬ ಕೋಪ ಇನ್ನೊಂದು. ಎರಡನೆಯದನ್ನು ಹೇಳುವವರು ವ್ಯಾಗ್ನರ್ ತಾವೇ ಹೊಗೆಸೊಪ್ಪು ಜಗಿಯುತ್ತಿದ್ದುದನ್ನು ಎತ್ತಿ ತೋರಿಸುತ್ತಾರೆ. ಆದರೆ 1912ರಲ್ಲಿ 'ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆ ವರದಿ ಮಾಡಿದ ಸಂಗತಿಯನ್ನು ಮರೆಯುವಂತಿಲ್ಲ. ವ್ಯಾಗ್ನರ್ ಅವರ ಒಪ್ಪಿಗೆ ತಂದುಕೊಟ್ಟರೆ 10 ಡಾಲರ್ ಕೊಡುವುದಾಗಿ ಕಂಪನಿ ಜಾನ್ ಗ್ರೂಬರ್ ಎಂಬ ಪಿಟ್ಸ್‌ಬರ್ಗ್ ಪತ್ರಕರ್ತರಿಗೆ ಹೇಳಿತ್ತು. ವ್ಯಾಗ್ನರ್ ಒಪ್ಪಿಗೆ ಕೊಡಲಿಲ್ಲ, ಗ್ರೂಬರ್ ಅವರಿಗೆ ನಷ್ಟವಾಗದಿರಲಿ ಎಂದು ಆ 10 ಡಾಲರಿನ ಚೆಕ್ಕನ್ನು ತಾವೇ ಕಳಿಸಿಕೊಟ್ಟರು. ದುಡ್ಡಿಗಾಗಿ ಹಟ ಹಿಡಿದವರು ಮಾಡುವ ಕೆಲಸವಲ್ಲ ಇದು. ತನ್ನ ಮುಖ ಎಲ್ಲಿ ಮಾರಾಟವಾಗಬೇಕು ಎಂಬುದನ್ನು ತಾನೇ ತೀರ್ಮಾನಿಸುತ್ತೇನೆ ಎಂದು ಒಬ್ಬ ಕಾರ್ಮಿಕರ ಮಗ ದೇಶದ ಬಹುದೊಡ್ಡ ಕಂಪನಿಯೊಂದಕ್ಕೆ ಹೇಳಿದ ಗುರುತಾಗಿ ನಾನು ಈ ಕಾರ್ಡನ್ನು ಓದುತ್ತೇನೆ. ಅಮೆರಿಕದ ನ್ಯಾಯಾಲಯವೊಂದು ಈ ಹಕ್ಕಿಗೆ ಸ್ಪಷ್ಟ ಹೆಸರು ಕೊಟ್ಟದ್ದು 1953ರಲ್ಲಿ. ಆಗಲೂ ವ್ಯಾಜ್ಯವಿದ್ದದ್ದು ಬೇಸ್‌ಬಾಲ್ ಕಾರ್ಡುಗಳಿಗಾಗಿ ಕಚ್ಚಾಡುತ್ತಿದ್ದ ಎರಡು ಚೂಯಿಂಗ್ ಗಮ್ ಕಂಪನಿಗಳ ನಡುವೆ.

ಹಾಗಾದರೆ ಬೆಲೆ ಬಂದದ್ದು ಅಪರೂಪದಿಂದಲೇ? ಅದೊಂದರಿಂದಲೇ ಅಲ್ಲ. ಇದೇ ಸರಣಿಯಲ್ಲಿ ಜೋ ಡಾಯ್ಲ್ ಎಂಬ ಪಿಚರ್‌ನ ಕಾರ್ಡಿದೆ. ನ್ಯೂಯಾರ್ಕಿನಲ್ಲಿ ಆಗ ಎರಡು ಲೀಗ್‌ಗಳ ತಂಡಗಳಿದ್ದವು, ಎರಡರಲ್ಲೂ ಒಬ್ಬೊಬ್ಬ ಡಾಯ್ಲ್ ಇದ್ದರು. ಮುದ್ರಕರು ಗೊಂದಲಕ್ಕೆ ಬಿದ್ದು ಅಮೆರಿಕನ್ ಲೀಗ್‌ನ ಜೋ ಹೆಸರಿನ ಮುಂದೆ ನ್ಯಾಷನಲ್ ಲೀಗ್ ಎಂದು ಅಚ್ಚು ಹಾಕಿ, ಆಮೇಲೆ ಅದನ್ನು ತೆಗೆದರು. ಆ ತಪ್ಪು ಅಚ್ಚಿನ ಪ್ರತಿಗಳು ವ್ಯಾಗ್ನರ್‌ಗಿಂತಲೂ ಕಡಿಮೆ ಉಳಿದಿವೆ, ಬೆಲೆ ಮಾತ್ರ ವ್ಯಾಗ್ನರ್‌ನ ಹತ್ತಿರಕ್ಕೂ ಬರುವುದಿಲ್ಲ. ಮುದ್ರಕರ ತಪ್ಪು ಒಂದು ಕುತೂಹಲ, ಆಟಗಾರನ ನಿರಾಕರಣೆ ಒಂದು ಕಥೆ. 2022ರಲ್ಲಿ ಅರ್ಧ ಭಾಗವೇ ಹರಿದುಹೋಗಿದ್ದ ವ್ಯಾಗ್ನರ್ ಕಾರ್ಡೊಂದು 15 ಲಕ್ಷ ಡಾಲರಿಗೂ ಮಿಕ್ಕಿ ಹರಾಜಾಯಿತು. ಈ ಮಟ್ಟಿಗೆ ಮಾರುಕಟ್ಟೆಯ ವಿವೇಕವನ್ನು ನಾನು ಮೆಚ್ಚುತ್ತೇನೆ. ಕಥೆ ಗಟ್ಟಿಯಿದ್ದಲ್ಲಿ ಹರಿದ ತುಂಡಿಗೂ ಮರ್ಯಾದೆ ಸಿಕ್ಕಿದೆ.

ಈ ವಿವೇಕ ಹಾರಿಹೋಗುವುದು 1952ರ ಟಾಪ್ಸ್ ಕಂಪನಿ ತಂದ, ಆಟಗಾರ ಮಿಕ್ಕಿ ಮ್ಯಾಂಟಲ್ ಅವರ ಕಾರ್ಡಿನ ವಿಷಯದಲ್ಲಿ. ಕಂಪನಿಯ ಸೈ ಬರ್ಗರ್ ರೂಪಿಸಿದ, 407 ಕಾರ್ಡುಗಳ ಆ ಸರಣಿ ವಿನ್ಯಾಸದ ದೃಷ್ಟಿಯಿಂದ ನಿಜಕ್ಕೂ ಮಹತ್ವದ್ದು. ದೊಡ್ಡ ಆಕಾರ, ಗಾಢ ಬಣ್ಣ, ಆಟಗಾರನ ಸಹಿಯ ನಕಲು, ಹಿಂಬದಿಯಲ್ಲಿ ಅಂಕಿಅಂಶ ಸೇರಿ ಮುಂದಿನ ದಶಕಗಳ ಕಾರ್ಡುಗಳಿಗೆಲ್ಲ ಇದೇ ಮಾದರಿಯಾಯಿತು. ಆದರೆ 311ನೇ ಸಂಖ್ಯೆಯ ಮ್ಯಾಂಟಲ್ ಕಾರ್ಡು ವ್ಯಾಗ್ನರ್‌ನಂತೆ ವಿರಳವಲ್ಲ. ಅದು ಮ್ಯಾಂಟಲ್‌ನ ಮೊದಲ ಕಾರ್ಡೂ ಅಲ್ಲ, ಹಿಂದಿನ ವರ್ಷವೇ ಬೌಮನ್ ಕಂಪನಿ ಅವರ ಕಾರ್ಡು ತಂದಿತ್ತು. ಸರಣಿಯ ಕೊನೆಯ ಭಾಗ ಮಾರಾಟವಾಗದೆ ಉಳಿದದ್ದರಿಂದ 1960ರಲ್ಲಿ ದಾಸ್ತಾನನ್ನೆಲ್ಲ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಎಂದು ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಇಷ್ಟಾದರೂ ಈ ಮ್ಯಾಂಟಲ್ ಕಾರ್ಡಿನ ಸಾವಿರಕ್ಕೂ ಹೆಚ್ಚು ಪ್ರತಿಗಳು ಕಾರ್ಡಿನ ಸ್ಥಿತಿಗೆ ಅಂಕ ಕೊಡುವ ಗ್ರೇಡಿಂಗ್ ಸಂಸ್ಥೆಗಳ ಕೈ ದಾಟಿವೆ. ಅವುಗಳಲ್ಲೊಂದು, ಹತ್ತಕ್ಕೆ 9.5 ಅಂಕ ಪಡೆದದ್ದು, 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಮಡಿಕೆ ಬಿದ್ದ ಪ್ರತಿಗೆ ಸಿಗುವುದು ಹತ್ತಾರು ಸಾವಿರ ಡಾಲರ್. ಚಿತ್ರ ಅದೇ, ಆಟಗಾರ ಅದೇ, ಅಚ್ಚೂ ಅದೇ. ನೂರಾರು ಪಟ್ಟು ವ್ಯತ್ಯಾಸವನ್ನು ತಂದದ್ದು ಅಂಚು ಮತ್ತು ಮೂಲೆ.

ಗ್ರೇಡಿಂಗ್‌ನ ಕೆಲಸ ಹೀಗಿದೆ. ಕಾರ್ಡನ್ನು ಭೂತಗನ್ನಡಿಯಡಿ ಇಟ್ಟು ನಾಲ್ಕು ಮೂಲೆ, ನಾಲ್ಕು ಅಂಚು, ಮೇಲ್ಮೈಯ ಹೊಳಪು ಮತ್ತು ಗೀರು, ಚಿತ್ರದ ಸುತ್ತಲಿನ ಬಿಳಿ ಅಂಚು ಎರಡೂ ಕಡೆ ಸಮವಾಗಿದೆಯೇ ಎಂಬುದನ್ನೆಲ್ಲ ನೋಡುತ್ತಾರೆ. ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ತೆರೆಯಲಾಗದಂತೆ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚುತ್ತಾರೆ. 1991ರಲ್ಲಿ ಆರಂಭವಾದ ಪಿಎಸ್ಎ ಈ ಪದ್ಧತಿಯನ್ನು ನೆಲೆಗೊಳಿಸಿದ ಸಂಸ್ಥೆ. ಇದರ ಉಪಯೋಗವನ್ನು ಅಲ್ಲಗಳೆಯಲಾಗದು. ಹೊಸ ರಟ್ಟಿನ ಮೇಲೆ ಹಳೆಯ ಚಿತ್ರ ಅಚ್ಚು ಹಾಕಿ ಮಾರುವವರಿಂದ, ಮಾಸಿದ ಬಣ್ಣ ತೀಡಿ ಹೊಸದೆನ್ನುವವರಿಂದ ದೂರದೂರಿನ ಕೊಳ್ಳುಗನಿಗೆ ಒಂದು ರಕ್ಷಣೆ ಬೇಕೇ ಬೇಕು. ಕಾರ್ಡು ಅಸಲಿಯೇ ಎಂಬ ಪ್ರಶ್ನೆಗೆ ಪರಿಣತರ ಉತ್ತರ ಸಿಗುವುದು ಒಳ್ಳೆಯದೇ. ಆದರೆ ಅಸಲಿಯೇ ಎಂಬ ಪ್ರಶ್ನೆಯಿಂದ ಎಷ್ಟು ನುಣುಪು ಎಂಬ ಪ್ರಶ್ನೆಗೆ ಜಾರಿದಾಗ ಪದ್ಧತಿ ದಾರಿ ತಪ್ಪಿತು. ಹೇರಳವಾಗಿರುವ ಕಾರ್ಡಿನಲ್ಲೂ 'ಹತ್ತು ಅಂಕದ್ದು ಇಷ್ಟೇ' ಎಂದು ಹೇಳಿ ಕೃತಕ ಬರ ಸೃಷ್ಟಿಸಲು ಸಾಧ್ಯವಾಯಿತು.

ಪಿಎಸ್ಎ ಕೊಟ್ಟ ಮೊಟ್ಟಮೊದಲ ಪ್ರಮಾಣಪತ್ರವೇ ಇದಕ್ಕೆ ಸಾಕ್ಷಿ. ಅದು ಒಂದು ವ್ಯಾಗ್ನರ್ ಕಾರ್ಡಿಗೆ ಸಂದಿತು. 1985ರಲ್ಲಿ ಬಿಲ್ ಮಾಸ್ಟ್ರೊ ಎಂಬ ವ್ಯಾಪಾರಿ ಅದನ್ನು 25,000 ಡಾಲರಿಗೆ ಕೊಂಡ, ಎರಡು ವರ್ಷದಲ್ಲಿ 1,10,000ಕ್ಕೆ ಮಾರಿದ. 1991ರಲ್ಲಿ ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್‌ಜ್ಕಿ ಪಾಲುದಾರರೊಬ್ಬರ ಜೊತೆ ಸೇರಿ 4.51 ಲಕ್ಷಕ್ಕೆ ಹರಾಜಿನಲ್ಲಿ ಪಡೆದರು. ಪಿಎಸ್ಎ ಎಂಟು ಅಂಕ ಕೊಟ್ಟಿತು. ವಾಲ್‌ಮಾರ್ಟ್ ಮಳಿಗೆಗಳ ಬಹುಮಾನ ಯೋಜನೆಗೆ ಮುಂದೆ ಅದು ಸೇರಿತು, ಅಲ್ಲಿ ಅದನ್ನು ಗೆದ್ದ ಫ್ಲಾರಿಡಾದ ಅಂಚೆ ನೌಕರೆಯೊಬ್ಬರು ತೆರಿಗೆ ಕಟ್ಟಲಾಗದೆ ಮಾರಬೇಕಾಯಿತು. 2007ರಲ್ಲಿ ಬೆಲೆ 28 ಲಕ್ಷ ಡಾಲರ್ ಮುಟ್ಟಿತು. ಇದರ ಅಂಚು ಹೀಗೆ ಕಡೆದಂತೆ ಇರಲು ಸಾಧ್ಯವಿಲ್ಲ ಎಂದು ಅನುಭವಿಗಳು ಮೊದಲಿನಿಂದ ಹೇಳುತ್ತಲೇ ಇದ್ದರು. ಕೊನೆಗೆ 2013ರಲ್ಲಿ, ತನ್ನ ಹರಾಜು ಸಂಸ್ಥೆಯ ವಂಚನೆಯ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಳ್ಳುವಾಗ, ಕಾರ್ಡಿನ ಅಂಚು ಕತ್ತರಿಸಿದ್ದು ತಾನೇ ಎಂದು ಮಾಸ್ಟ್ರೊ ಒಪ್ಪಿಕೊಂಡ. 2015ರಲ್ಲಿ ಅವನಿಗೆ 20 ತಿಂಗಳ ಸೆರೆಯಾಯಿತು. ಕತ್ತರಿಸಿದ ಕಾರ್ಡಿಗೆ ಅಂಕವನ್ನೇ ಕೊಡಬಾರದು ಎಂಬುದು ಪಿಎಸ್ಎಯದೇ ನಿಯಮ. ಇಡೀ ಪದ್ಧತಿಯ ತಳಪಾಯದ ಕಲ್ಲೇ ಆ ನಿಯಮವನ್ನು ಮುರಿದು ಕೂತಿದೆ.

ಒಬ್ಬ ವ್ಯಾಪಾರಿಯ ಮೋಸ ಎಂದಷ್ಟೇ ಹೇಳಿ ಇದನ್ನು ಮುಗಿಸುವಂತಿಲ್ಲ. ಕತ್ತರಿಗೆ ಲಾಭ ತಂದುಕೊಟ್ಟದ್ದು ಅಂಚಿಗೆ ಹಣ ಸುರಿಯುವ ಪದ್ಧತಿ. ಹಳೆಯ ಕಾರ್ಡುಗಳು ಸಾಮಾನ್ಯವಾಗಿ ಯಾಕೆ ವಿರಳವಾದವು ಎಂದು ಕೇಳಿಕೊಂಡರೆ ವಿರೋಧಾಭಾಸ ಇನ್ನೂ ಎದ್ದುಕಾಣುತ್ತದೆ. ಹುಡುಗರು ಜೇಬಿನಲ್ಲಿಟ್ಟು ತಿರುಗಿದರು, ಗೋಡೆಗೆ ಚಿಮ್ಮಿಸಿ ಪಂದ್ಯ ಕಟ್ಟಿದರು, ಸೈಕಲ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಸಿ ಟರಟರ ಸದ್ದು ಮಾಡಿಸಿದರು, ದೊಡ್ಡವರಾದ ಮೇಲೆ ಅಮ್ಮಂದಿರು ಗುಡಿಸಿ ಎಸೆದರು. ಹಳೆಯದಕ್ಕೆ ಬೆಲೆ ಬಂದದ್ದು ಕಂಡು 1980ರ ದಶಕದ ಕೊನೆಯಲ್ಲಿ ಜನ ಹೊಸ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಮುಟ್ಟದೆ ಕೂಡಿಟ್ಟರು, ಕಂಪನಿಗಳು ಕೂಡಿಡುವವರಿಗಾಗಿಯೇ ಅಚ್ಚು ಹಾಕಿದವು. ಇವತ್ತು ಅವುಗಳಲ್ಲಿ ಬಹುಪಾಲನ್ನು ಕೇಳುವವರಿಲ್ಲ. ಮಕ್ಕಳ ಕೈಯಲ್ಲಿ ಸವೆದದ್ದೇ ಹಳೆಯ ಕಾರ್ಡುಗಳ ಬೆಲೆಯ ಮೂಲ. ಆ ಸವೆತಕ್ಕೇ ದಂಡ ಹಾಕಿ, ಯಾವ ಮಗುವಿನ ಕೈಗೂ ಬೀಳದೆ ಉಳಿದದ್ದಕ್ಕೆ ಕಿರೀಟ ತೊಡಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಬೇರೆ ದಾರಿಯೂ ಇತ್ತು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಜೆಫರ್ಸನ್ ಬರ್ಡಿಕ್ ಅದನ್ನು ತೋರಿಸಿದವರು. ಸಂಧಿವಾತದಿಂದ ಕೈಕಾಲು ಸೆಟೆದುಕೊಂಡಿದ್ದ ಅವರು ಒಂಟಿಯಾಗಿ ಬದುಕುತ್ತ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು, ಪೋಸ್ಟ್‌ಕಾರ್ಡು, ಜಾಹೀರಾತು ಚೀಟಿಗಳನ್ನು ಕೂಡಿಸಿದರು. ಅದರಲ್ಲಿ ಬೇಸ್‌ಬಾಲಿನವೇ 30,000ದಷ್ಟು. ಟಿ-206 ಎಂಬ ಹೆಸರೂ ಅವರ ಕ್ಯಾಟಲಾಗಿನದು, 'ಟಿ' ಎಂದರೆ ಟೊಬ್ಯಾಕೊ, ಅಂದರೆ ಹೊಗೆಸೊಪ್ಪು. ಎಲ್ಲವನ್ನೂ ಮೆಟ್ರೊಪಾಲಿಟನ್ ಮ್ಯೂಸಿಯಮ್ ಆಫ್ ಆರ್ಟ್‌ಗೆ ಬಿಟ್ಟುಕೊಟ್ಟು, ವರ್ಷಗಟ್ಟಲೆ ಅಲ್ಲಿಯೇ ಕೂತು ನೋಯುವ ಬೆರಳುಗಳಿಂದ ಒಂದೊಂದನ್ನೂ ಆಲ್ಬಮ್ ಪುಟಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು, ಮಾರ್ಚ್‌ನಲ್ಲಿ ತೀರಿಕೊಂಡರು. ಇವತ್ತಿನ ಗ್ರೇಡಿಂಗ್ ಕಣ್ಣಿಗೆ ಅಂಟು ತಾಗಿದ ಕಾರ್ಡು ಹಾಳಾದ ಕಾರ್ಡು. ಕಾಗದ ಸಂರಕ್ಷಣೆಯ ದೃಷ್ಟಿಯಿಂದಲೂ ಅಂಟು ಒಳ್ಳೆಯದಲ್ಲ, ಈ ದೋಷವನ್ನು ಒಪ್ಪಲೇಬೇಕು. ಆದರೆ ಯಾವ ಕಾರ್ಡು ಯಾವ ಸರಣಿಯದು, ಯಾರು ತಂದದ್ದು ಎಂಬ ಜ್ಞಾನವನ್ನು ಕಟ್ಟಿಕೊಟ್ಟವರು ಬರ್ಡಿಕ್. ಗ್ರೇಡಿಂಗ್ ಸಂಸ್ಥೆಗಳು ಚೀಟಿಯ ಮೇಲೆ ಟಿ-206 ಎಂದು ಬರೆಯುವಾಗಲೂ ಅವರ ದುಡಿಮೆಯನ್ನೇ ಬಳಸುತ್ತಿವೆ.

ಈ ಜ್ಞಾನದ ಹಾದಿಯಲ್ಲಿ ಇನ್ನೂ ಆಗಬೇಕಾದ ಕೆಲಸ ಬೇಕಾದಷ್ಟಿದೆ. ಟಿ-206ರ ಅಷ್ಟೂ ಮುಖಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಇಲ್ಲ. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ದೊಡ್ಡ ಲೀಗ್‌ಗಳ ಬಾಗಿಲು ಅವರಿಗೆ ಮುಚ್ಚಿತ್ತು. ವ್ಯಾಗ್ನರ್ ಆಡುತ್ತಿದ್ದ ಕಾಲದಲ್ಲೇ, ಅದೇ ಶಾರ್ಟ್‌ಸ್ಟಾಪ್ ಜಾಗದಲ್ಲಿ ಜಾನ್ ಹೆನ್ರಿ ಲಾಯ್ಡ್ ಆಡುತ್ತಿದ್ದರು. ಜನ ಅವರನ್ನು 'ಕಪ್ಪು ವ್ಯಾಗ್ನರ್' ಎನ್ನುತ್ತಿದ್ದರು, ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 1977ರಲ್ಲಿ. ಲಾಯ್ಡ್ ಅವರಂತೆಯೇ ದೊಡ್ಡ ಕಪ್ಪು ಆಟಗಾರರಾದ ಆಸ್ಕರ್ ಚಾರ್ಲ್ಸ್‌ಟನ್ ಅವರ ಮುಖವನ್ನು 1920ರ ದಶಕದಲ್ಲಿ ಕಾರ್ಡಿನ ಮೇಲೆ ಅಚ್ಚು ಹಾಕಿದ್ದು ಕ್ಯೂಬಾದ ಸಿಗರೇಟು ಕಂಪನಿ. ಆ ಮಾಸಲು ಚಿತ್ರಗಳು ಚರಿತ್ರೆಯ ದೃಷ್ಟಿಯಿಂದ ಮ್ಯಾಂಟಲ್‌ನ ಹೊಳೆಯುವ ಮೂಲೆಗಳಿಗಿಂತ ಎಷ್ಟೋ ಪಾಲು ಮೇಲು. ಅಮೆರಿಕದ ಕಾರ್ಡುಗಳು ಮುಚ್ಚಿಟ್ಟದ್ದನ್ನು ಅವು ತೋರಿಸುತ್ತವೆ.

ಹಾಗಾಗಿ ಹೊಸದಾಗಿ ಸಂಗ್ರಹಕ್ಕೆ ಇಳಿಯುವವರಿಗೆ ನನ್ನ ಮಾತು ನೇರವಾಗಿದೆ: ಅಸಲಿತನಕ್ಕೆ ಪ್ರಮಾಣಪತ್ರ ಕೇಳಿ, ಅಂಕಕ್ಕೆ ಹೆಚ್ಚು ಹಣ ಕೊಡಬೇಡಿ. ಎರಡು ಅಂಕದ, ಮೂಲೆ ಸವೆದ ಟಿ-206 ಕಾರ್ಡು ಚಿತ್ರದಲ್ಲಾಗಲಿ ಚರಿತ್ರೆಯಲ್ಲಾಗಲಿ ಎಂಟು ಅಂಕದ್ದಕ್ಕಿಂತ ಏನೂ ಕಡಿಮೆಯಲ್ಲ, ಮೇಲಾಗಿ ಸಾಮಾನ್ಯ ಆಟಗಾರರ ಕಾರ್ಡುಗಳು ಸಂಬಳದಾರರ ಕೈಗೂ ಎಟುಕುತ್ತವೆ. ಕೊಳ್ಳುವ ಮೊದಲು ಹಿಂಬದಿಯನ್ನು ಓದಿ, ಆಟಗಾರ ಯಾರೆಂದು ತಿಳಿಯಿರಿ, ಕಾರ್ಡು ಯಾರ ಕೈಯಿಂದ ಯಾರ ಕೈಗೆ ಬಂತೆಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಗ್ರೇಡಿಂಗ್ ಸಂಸ್ಥೆಗಳಿಂದ ಒಂದನ್ನು ಒತ್ತಾಯಿಸಿ ಕೇಳಲೇಬೇಕು: ತಪ್ಪು ಸಾಬೀತಾದ ಅಂಕವನ್ನು ಬಹಿರಂಗವಾಗಿ ಹಿಂಪಡೆಯುವುದು, ಅದೂ ಪ್ರಮಾಣಪತ್ರ ಸಂಖ್ಯೆ ಒಂದರಿಂದಲೇ ಶುರುವಾಗಬೇಕು. ಕೊಳ್ಳುವವರು ಇಷ್ಟು ಗಟ್ಟಿಯಾಗಿ ಕೇಳಿದರೆ ಕತ್ತರಿ ಹಿಡಿದವನಿಗೆ ಕೆಲಸವಿರುವುದಿಲ್ಲ.